ಚಿತ್ರಶಾಲೆಯನ್ನು ನಡೆಸುವವರು

ಚಿತ್ರಶಾಲೆಗೆ ಹೋದವರು ಸಾಮಾನ್ಯವಾಗಿ ಇಬ್ಬರನ್ನು ಮಾತ್ರ ಕಂಡು ಬರುತ್ತಾರೆ. ಬಾಗಿಲಿನಲ್ಲಿ ಟಿಕೆಟ್ಟು ಹರಿದು ಕೊಡುವಾತ ಒಬ್ಬ. ಒಳಗೆ ಸ್ಟೂಲಿನ ಮೇಲೆ ಕುಳಿತು, ಕೈಚಾಚಿದವರಿಗೆ ಮುಟ್ಟಬೇಡಿರೆಂದು ಹೇಳುವಾತ ಇನ್ನೊಬ್ಬ. ಚಿತ್ರಗಳು ತಮ್ಮಷ್ಟಕ್ಕೆ ತಾವೇ ಬಂದು ಗೋಡೆಯನ್ನು ಸೇರಿದುವೋ ಎಂಬಂತೆ ತೋರುತ್ತದೆ. ಇವನ್ನು ಆರಿಸಿದವರು ಯಾರು, ಯಾರ ಹಣದಿಂದ ಕೊಂಡರು, ಈ ಚಿತ್ರವು ಬೆಳಕಿನಲ್ಲಿರುವಾಗ ಇನ್ನೊಂದೇಕೆ ಉಗ್ರಾಣದ ಕತ್ತಲೆಯಲ್ಲಿದೆ, ನಾಳೆ ಇದು ಕಾಣೆಯಾದರೆ ಉತ್ತರ ಹೇಳತಕ್ಕವರು ಯಾರು ಎಂಬ ಪ್ರಶ್ನೆಗಳು ನೋಡುವವನ ಮನಸ್ಸಿಗೆ ಬರುವುದಿಲ್ಲ. ಬರಬೇಕಾದ ಆವಶ್ಯಕತೆಯೂ ಇಲ್ಲವೆನ್ನಿ. ಕಚೇರಿಯಲ್ಲಿ ಕುಳಿತವನು ತಂಬೂರಿಯವನನ್ನು ದಿಟ್ಟಿಸಿ ನೋಡುತ್ತಾನೆಯೆ? ಆದರೆ ಸಾರ್ವಜನಿಕ ಚಿತ್ರಶಾಲೆಯೆಂಬುದು ನಮ್ಮೆಲ್ಲರ ಸೊತ್ತು. ಆ ಸೊತ್ತಿನ ಆಡಳಿತ ಹೇಗೆ ನಡೆಯುತ್ತದೆ, ಅದರ ಶಾಖೆಗಳು ಯಾವುವು, ಅಧಿಕಾರ ಯಾರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಈ ಹೊತ್ತು ಆ ವಿಷಯವನ್ನು ನಮ್ಮ ನಾಡಿನ ನಿದರ್ಶನಗಳಿಂದಲೇ ವಿವರಿಸಬೇಕೆಂದಿದ್ದೇನೆ.

ದೊಡ್ಡದನ್ನು ತಿಳಿಯಲು ಚಿಕ್ಕದರಿಂದ ಹೊರಡುವುದು ಸುಲಭ. ಚಿಕ್ಕಬಳ್ಳಾಪುರದ ಹತ್ತಿರ, ನಂದಿಬೆಟ್ಟದ ಸೆರಗಿನಲ್ಲಿರುವ ಮುದ್ದೇನಹಳ್ಳಿಯನ್ನು ತೆಗೆದುಕೊಳ್ಳೋಣ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು ಅದು. ಅವರು 1962ರಲ್ಲಿ ತೀರಿಕೊಂಡ ಮೇಲೆ ಸಮಾಧಿಯಾದುದೂ ಅಲ್ಲಿಯೇ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿ, ಅವರಿಗೆ ಸಂಬಂಧಿಸಿದ ವಸ್ತುಗಳನ್ನು ಅಲ್ಲಿ ಜೋಡಿಸಿಟ್ಟಿದ್ದಾರೆ. ವಿಶ್ವೇಶ್ವರಯ್ಯ ರಾಷ್ಟ್ರೀಯ ಸ್ಮಾರಕ ಟ್ರಸ್ಟು ಅದನ್ನು ನೋಡಿಕೊಳ್ಳುತ್ತದೆ. ಬಿರುದುಗಳು, ಪದಕಗಳು, 1955ರಲ್ಲಿ ಬಂದ ಭಾರತರತ್ನ, ಅವರ ಕನ್ನಡಕ, ಬಟ್ಟಲುಗಳು, ಪುಸ್ತಕಗಳು, ಕೃಷ್ಣರಾಜಸಾಗರದ ಅಣೆಕಟ್ಟಿನ ಮಾದರಿ, ಕೊನೆಗೆ ಅವರ ವಿಸಿಟಿಂಗ್ ಕಾರ್ಡನ್ನು ಮುದ್ರಿಸುತ್ತಿದ್ದ ಅಚ್ಚಿನ ಪಡಿ ಕೂಡ ಅಲ್ಲಿವೆ.

ಈ ಅಚ್ಚಿನ ಪಡಿಯ ವಿಷಯವನ್ನೇ ಯೋಚಿಸಿ. ಪದಕವನ್ನು ಯಾರಾದರೂ ಜೋಪಾನವಾಗಿ ಇಡುತ್ತಾರೆ. ವಿಸಿಟಿಂಗ್ ಕಾರ್ಡಿನ ಪಡಿಯನ್ನು ಬಿಸಾಡದೆ ಇಡಬೇಕೆಂದು ಯಾರೋ ಒಬ್ಬರು ತೀರ್ಮಾನಿಸಿರಬೇಕು. ಆಮೇಲೆ ಅದು ಯಾರದು, ಎಲ್ಲಿಂದ ಬಂದಿತು ಎಂಬುದನ್ನು ಬರೆದಿಡಬೇಕು. ಇಲ್ಲದಿದ್ದರೆ ಐವತ್ತು ವರ್ಷಗಳ ಮೇಲೆ ಅದು ಲೋಹದ ಒಂದು ತುಂಡು ಮಾತ್ರ. ತುಕ್ಕು ಹಿಡಿಯದಂತೆ ಕಾಯಬೇಕು. ಬಂದ ಶಾಲಾಬಾಲಕರಿಗೆ ಅದರ ಅರ್ಥವನ್ನು ತಿಳಿಸಬೇಕು. ಇಷ್ಟಕ್ಕೂ ಹಣ ಒದಗಿಸುವವರು, ಒದಗಿಸಿದ ಹಣದ ಲೆಕ್ಕ ಕೇಳುವವರು ಇರಬೇಕು. ಚಿಕ್ಕ ಮನೆಯಲ್ಲಿ ಈ ಎಲ್ಲ ಕೆಲಸಗಳನ್ನೂ ಇಬ್ಬರು ಮೂವರು ನಿರ್ವಹಿಸಬಹುದು. ಸಾವಿರಾರು ಚಿತ್ರಗಳಿರುವ ಚಿತ್ರಶಾಲೆಯಲ್ಲಿ ಒಂದೊಂದು ಕೆಲಸವೂ ಒಂದೊಂದು ಇಲಾಖೆಯಾಗಿ ಒಡೆಯುತ್ತದೆ. ಚಿತ್ರಶಾಲೆಯ ಆಡಳಿತವೆಂಬುದರ ಮೂಲ ಇಷ್ಟೇ.

ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ಕಾಲದಲ್ಲಿಯೇ, 1915ರಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಚಿತ್ರಶಾಲೆ ಪ್ರಾರಂಭವಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರವರು 1861ರಲ್ಲಿ ಕಟ್ಟಿಸಿದ ಅರಮನೆ ಅದು. 1897ರಲ್ಲಿ, ರಾಜಕುಮಾರಿಯ ವಿವಾಹಕಾಲದಲ್ಲಿ, ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಾಗ ರಾಜಪರಿವಾರಕ್ಕೆ ಆಶ್ರಯವಾದುದೂ, 1902ರಲ್ಲಿ ಲಾರ್ಡ್ ಕರ್ಜನ್ ಬಂದು ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ರಾಜ್ಯಾಧಿಕಾರವನ್ನು ವಹಿಸಿಕೊಟ್ಟುದೂ ಅಲ್ಲಿಯೇ. ಹೊಸ ಅರಮನೆ ಮುಗಿದು ರಾಜಪರಿವಾರ ಅಲ್ಲಿಗೆ ಹೋದ ಮೇಲೆ ಈ ಕಟ್ಟಡ ಚಿತ್ರಗಳಿಗೆ ಮನೆಯಾಯಿತು. 1955ರಿಂದ ಅದಕ್ಕೆ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆಯೆಂದು ಹೆಸರು.

ಅರಮನೆಯ ಚಿತ್ರಶಾಲೆಯಲ್ಲಿ ಆಡಳಿತದ ತೊಡಕು ಕಡಮೆ. ಒಡೆಯನೇ ಸಂಗ್ರಾಹಕ; ಅವನ ಅಭಿರುಚಿಯೇ ಶಾಸನ. ಒಳ್ಳೆಯ ಸಲಹೆಗಾರರು ದೊರೆತರೆ ಕೆಲಸ ಶೀಘ್ರವಾಗಿ ಆಗುತ್ತದೆ. 1920ರ ದಶಕದಲ್ಲಿ ಐರ್ಲೆಂಡಿನ ಕವಿ, ವಿಮರ್ಶಕ ಜೇಮ್ಸ್ ಕಸಿನ್ಸ್ ಅವರ ಪ್ರೇರಣೆಯಿಂದ ಬಂಗಾಳದ ಹೊಸ ಸಂಪ್ರದಾಯದ ಚಿತ್ರಗಳು ಜಗನ್ಮೋಹನಕ್ಕೆ ಬಂದುವು. ಅದೇ ಕಸಿನ್ಸರ ಸಲಹೆಯಂತೆ ತಿರುವಾಂಕೂರಿನಲ್ಲಿ 1935ರಲ್ಲಿ ಚಿತ್ರಾಲಯವು ತೆರೆಯಿತು. ಇವುಗಳಿಗಾಗಿ ಒಂದು ಸಮಿತಿ ಕುಳಿತು ಚರ್ಚಿಸಿ, ಟಿಪ್ಪಣಿಗಳನ್ನು ಮೇಲಕ್ಕೂ ಕೆಳಕ್ಕೂ ಓಡಾಡಿಸಬೇಕಾಗಿದ್ದರೆ ಎಷ್ಟು ವರ್ಷ ಹಿಡಿಯುತ್ತಿತ್ತೋ! ಆದರೆ ಈ ಏರ್ಪಾಡಿನ ದೌರ್ಬಲ್ಯವೂ ಸ್ಪಷ್ಟವೇ. ಅಬನೀಂದ್ರನಾಥ ಠಾಕೂರರಲ್ಲಿ ಕಲಿತು ಬಂದ ನಮ್ಮ ಕೆ. ವೆಂಕಟಪ್ಪನವರು ನಾಲ್ವಡಿಯವರ ಆಶ್ರಯದಲ್ಲಿ ಅರಮನೆಗಾಗಿ ಉಬ್ಬುಶಿಲ್ಪಗಳನ್ನು ಮಾಡುತ್ತಿದ್ದರು. 1940ರಲ್ಲಿ ಮಹಾರಾಜರು ಸ್ವರ್ಗಸ್ಥರಾದರು. ಆ ಆಶ್ರಯ ಅಲ್ಲಿಗೆ ಮುಗಿಯಿತು. ಕಲಾವಿದರು ಬೆಂಗಳೂರಿಗೆ ಬಂದು ನೆಲಸಿದರು. ಒಬ್ಬರ ಅಭಿರುಚಿಯ ಮೇಲೆ ನಿಂತದ್ದು ಆ ಒಬ್ಬರ ಆಯುಸ್ಸಿನಷ್ಟೇ ಉದ್ದ. ಸಂಸ್ಥೆಯೆಂಬ ಏರ್ಪಾಡು ಹುಟ್ಟಿದುದು ಈ ಕೊರತೆಯನ್ನು ನೀಗುವುದಕ್ಕಾಗಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ನಡೆದುಹೋದರೆ ಈ ಏರ್ಪಾಡಿನ ನಾನಾ ರೂಪಗಳನ್ನು ಒಂದೇ ಸಂಜೆಯಲ್ಲಿ ನೋಡಬಹುದು. ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯವು 1865ರಲ್ಲಿ ಹುಟ್ಟಿದುದು. ಮದರಾಸಿನ ವಸ್ತುಸಂಗ್ರಹಾಲಯವನ್ನು ಕಟ್ಟಿದ ವೈದ್ಯ ಎಡ್ವರ್ಡ್ ಬಾಲ್ಫರನೇ ಇದಕ್ಕೂ ಕಾರಣನು. ಕರ್ನಲ್ ಸ್ಯಾಂಕಿ ಕಟ್ಟಿಸಿದ ಈಗಿನ ಕಟ್ಟಡಕ್ಕೆ ಅದು ಬಂದುದು 1877ರಲ್ಲಿ.  ಅದಕ್ಕೆ ಅಂಟಿಕೊಂಡಂತೆ 1970ರ ದಶಕದಲ್ಲಿ ತೆರೆದ ವೆಂಕಟಪ್ಪ ಚಿತ್ರಶಾಲೆಯಿದೆ. ಇವೆರಡೂ ರಾಜ್ಯಸರ್ಕಾರದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಸೇರಿದುವು. ಪಕ್ಕದಲ್ಲಿಯೇ ಮುದ್ದೇನಹಳ್ಳಿಯ ಮಹನೀಯರ ಹೆಸರನ್ನು ಹೊತ್ತ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಅದರ ಒಡೆತನ ರಾಜ್ಯದ್ದಲ್ಲ, ಕೇಂದ್ರದ ಸಂಸ್ಕೃತಿ ಸಚಿವಾಲಯದ ಕೆಳಗೆ ಸ್ವಾಯತ್ತವಾಗಿ 1978ರಲ್ಲಿ ಏರ್ಪಟ್ಟ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಲಿಯದು. ಅದೇ ರಸ್ತೆಯಲ್ಲಿ 2023ರಲ್ಲಿ ಖಾಸಗಿ ಟ್ರಸ್ಟೊಂದರ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವೂ ತೆರೆದಿದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರ ಫೆಬ್ರುವರಿಯಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾಶಾಲೆಯು ದೆಹಲಿಯ ಶಾಖೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು 1960ರಲ್ಲಿ ಕಲಾವಿದರೂ ಕಲಾಪ್ರಿಯರೂ ಕೂಡಿ ಕಟ್ಟಿದ ಸಂಘ. ಹೀಗೆ ಒಂದೇ ಊರಿನಲ್ಲಿ ಇಲಾಖೆ, ಮಂಡಲಿ, ಟ್ರಸ್ಟು, ದೂರದ ರಾಜಧಾನಿಯ ಶಾಖೆ, ಸಂಘ ಎಲ್ಲವೂ ಉಂಟು. ನೋಡುವವನಿಗೆ ಎಲ್ಲವೂ ಚಿತ್ರಶಾಲೆಯೇ. ಆದರೆ ಒಂದು ಮಳೆಗಾಲದಲ್ಲಿ ಛಾವಣಿ ಸೋರಿದರೆ ಯಾರಿಗೆ ಕಾಗದ ಬರೆಯಬೇಕು, ಆ ಕಾಗದ ಎಷ್ಟು ಮೇಜುಗಳನ್ನು ದಾಟಬೇಕು ಎಂಬುದು ಒಂದೊಂದರಲ್ಲಿ ಒಂದೊಂದು ಬಗೆ.

ಎಲ್ಲಕ್ಕೂ ಮೇಲೆ ಇರುವುದು ಧರ್ಮದರ್ಶಿಗಳ ಮಂಡಲಿ, ಇಲ್ಲವೆ ಸಲಹಾಸಮಿತಿ. ಈ ಎರಡು ಹೆಸರುಗಳಲ್ಲಿರುವ ವ್ಯತ್ಯಾಸ ದೊಡ್ಡದು. ಮಂಡಲಿಗೆ ಅಧಿಕಾರವಿದೆ: ಅದು ಆಯವ್ಯಯವನ್ನು ಒಪ್ಪುತ್ತದೆ, ನಿರ್ದೇಶಕನನ್ನು ಆರಿಸುತ್ತದೆ, ಅವನನ್ನು ಪ್ರಶ್ನಿಸುತ್ತದೆ. ಸಮಿತಿಗೆ ಇರುವುದು ಸಲಹೆ ಮಾತ್ರ. ಸಲಹೆಯನ್ನು ಕೇಳುವುದೂ ಬಿಡುವುದೂ, ಸಮಿತಿಯನ್ನು ಇಡುವುದೂ ತೆಗೆಯುವುದೂ ಸರ್ಕಾರದ ಚಿತ್ತ. ಇದು ಬರಿಯ ಶಬ್ದವಿಚಾರವಲ್ಲವೆಂಬುದು ಇತ್ತೀಚೆಗೆ ಬೆಂಗಳೂರಿಗೇ ಅನುಭವಕ್ಕೆ ಬಂದಿತು. ರಾಷ್ಟ್ರೀಯ ಆಧುನಿಕ ಕಲಾಶಾಲೆಯ ಮುಂಬಯಿ ಮತ್ತು ಬೆಂಗಳೂರು ಶಾಖೆಗಳಿಗೆ ಸ್ಥಳೀಯ ಕಲಾವಿದರನ್ನೊಳಗೊಂಡ ಸಲಹಾಸಮಿತಿಗಳಿದ್ದುವು. 2018ರ ಕೊನೆಯ ವೇಳೆಗೆ ಅವು ಇಲ್ಲವಾದುವು. ಯಾವ ಪ್ರದರ್ಶನ ನಡೆಯಬೇಕೆಂಬ ತೀರ್ಮಾನ ಇನ್ನು ದೆಹಲಿಯಿಂದ ಬರುವುದೆಂಬ ಕಳವಳ ಹುಟ್ಟಿತು. 2019ರ ಫೆಬ್ರುವರಿಯಲ್ಲಿ ಮುಂಬಯಿ ಶಾಖೆಯಲ್ಲಿ ಚಿತ್ರಕಾರ ಪ್ರಭಾಕರ ಬರ್ವೆಯವರ ಕೃತಿಗಳ ಪ್ರದರ್ಶನ ತೆರೆದ ಸಭೆಯಲ್ಲಿ ನಟ ಅಮೋಲ್ ಪಾಲೇಕರರು ಈ ಪ್ರಶ್ನೆಯನ್ನು ಎತ್ತಿದರು. ವೇದಿಕೆಯ ಮೇಲಿದ್ದವರು ಬರ್ವೆಯವರನ್ನು ಕುರಿತು ಮಾತ್ರ ಮಾತನಾಡಬೇಕೆಂದು ನಡುವೆ ನಡುವೆ ತಡೆದುದರಿಂದ ಅವರ ಭಾಷಣ ತುಂಡಾಯಿತು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ರಾಷ್ಟ್ರೀಯ ಸಂಸ್ಥೆಗೆ ಒಂದೇ ನೀತಿಯಿರಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ ಧಾರವಾಡದಲ್ಲಿಯೋ ಕಲಬುರಗಿಯಲ್ಲಿಯೋ ಕುಳಿತು ಮೂವತ್ತು ವರ್ಷ ಬರೆದ ಚಿತ್ರಕಾರನ ಹೆಸರು ದೆಹಲಿಯ ಮೇಜಿನ ಮೇಲೆ ತಾನಾಗಿಯೇ ಏರುವುದು ಹೇಗೆ? ಊರನ್ನು ಬಲ್ಲವರ ಒಂದು ಸಮಿತಿ ಇರಬೇಕೆಂದು ನನ್ನ ಅಭಿಪ್ರಾಯ. ಅದಕ್ಕೆ ಕಾಗದದ ಮೇಲಾದರೂ ಸ್ವಲ್ಪ ಅಧಿಕಾರವೂ ಇರಬೇಕು.

ಮಂಡಲಿಯ ಕೆಳಗೆ ನಿರ್ದೇಶಕ. ಈ ಹುದ್ದೆ ಮೊದಲಿನಿಂದಲೂ ಇದ್ದುದೆಂದು ತಿಳಿಯಬೇಡಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಕಥೆ ಇಲ್ಲಿ ಹೇಳತಕ್ಕದ್ದು. 1824ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆಂಗರ್‌ಸ್ಟೈನ್ ಎಂಬ ಧನಿಕನ 38 ಚಿತ್ರಗಳನ್ನು ಕೊಂಡು ಅದನ್ನು ಪ್ರಾರಂಭಿಸಿತು. ಮೊದಲ ಮೂವತ್ತು ವರ್ಷ ಅಲ್ಲಿ ನಿರ್ದೇಶಕನೇ ಇರಲಿಲ್ಲ. ಧರ್ಮದರ್ಶಿಗಳಿದ್ದರು, ಅವರು ಹೇಳಿದಂತೆ ನಡೆಯುವ ಒಬ್ಬ ಪಾಲಕನಿದ್ದನು. 1845ರಲ್ಲಿ ಹೋಲ್ಬೈನನದೆಂದು ಕೊಂಡ ಚಿತ್ರವೊಂದು ಅವನದಲ್ಲವೆಂದು ಹೊರಬಿತ್ತು. ಹಳೆಯ ಚಿತ್ರಗಳನ್ನು ತೊಳೆಸಿ ಹಾಳುಮಾಡಿದರೆಂದು ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ತಪ್ಪು ಯಾರದೆಂದು ಕೇಳಿದರೆ ಪಾಲಕನು ಧರ್ಮದರ್ಶಿಗಳ ಕಡೆಗೂ ಅವರು ಇವನ ಕಡೆಗೂ ಕೈತೋರಿಸುವ ಸ್ಥಿತಿ. 1853ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ವಿಚಾರಣೆ ನಡೆಸಿತು. 1855ರಲ್ಲಿ ಸರ್ ಚಾರ್ಲ್ಸ್ ಈಸ್ಟ್‌ಲೇಕನನ್ನು ಮೊದಲ ನಿರ್ದೇಶಕನನ್ನಾಗಿ ನೇಮಿಸಿ, ಚಿತ್ರಗಳನ್ನು ಕೊಳ್ಳುವ ಹೊಣೆಯನ್ನು ಅವನೊಬ್ಬನ ಮೇಲೆ ಹೊರಿಸಿದರು. ಸ್ವಾರಸ್ಯವೇನೆಂದರೆ ಆ ಹುಸಿ ಹೋಲ್ಬೈನನ್ನು ಕೊಂಡಾಗ ಪಾಲಕನಾಗಿದ್ದವನೂ ಈತನೇ! ಮನುಷ್ಯ ಅದೇ, ಅಧಿಕಾರವೂ ಹೊಣೆಯೂ ಒಂದೇ ಕೈಗೆ ಬಂದುದರಿಂದ ಆತ ಇಟಲಿಯನ್ನೆಲ್ಲ ಸುತ್ತಿ ಆ ಚಿತ್ರಶಾಲೆಯ ಕೀರ್ತಿಗೆ ಕಾರಣವಾದ ಕೃತಿಗಳನ್ನು ತಂದನು.

ನಮ್ಮ ದೇಶದಲ್ಲಿ ರಾಷ್ಟ್ರೀಯ ಆಧುನಿಕ ಕಲಾಶಾಲೆಯು 1954ರ ಮಾರ್ಚಿ 29ರಂದು ದೆಹಲಿಯ ಜಯಪುರ ಭವನದಲ್ಲಿ ಆರಂಭವಾದಾಗ ಅದರ ಹೊಣೆಯನ್ನು ಹೊತ್ತವರು ಬರೋಡದ ವಸ್ತುಸಂಗ್ರಹಾಲಯವನ್ನು ರೂಪಿಸಿದ ಜರ್ಮನ್ ವಿದ್ವಾಂಸ ಹರ್ಮನ್ ಗೇಟ್ಸ್. ಅದನ್ನು ತೆರೆದವರು ಆಗ ಉಪರಾಷ್ಟ್ರಪತಿಗಳಾಗಿದ್ದ ರಾಧಾಕೃಷ್ಣನ್. ಒಂದು ಕಾಲಕ್ಕೆ ನಮ್ಮ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು. ನಿರ್ದೇಶಕನು ವಿದ್ವಾಂಸನಾಗಿರಬೇಕೋ ಆಡಳಿತಗಾರನಾಗಿರಬೇಕೋ ಎಂಬ ಚರ್ಚೆ ಅಂದಿನಿಂದ ಇಂದಿನವರೆಗೂ ಇದೆ. ಇಲಾಖೆಯ ಪದ್ಧತಿಯಲ್ಲಿ ನಿರ್ದೇಶಕ ಹುದ್ದೆಗೆ ಸರ್ಕಾರಿ ಸೇವೆಯ ಬೇರೆ ಶಾಖೆಗಳಿಂದ ಅಧಿಕಾರಿಗಳು ಬಂದು ಹೋಗುತ್ತಿರುತ್ತಾರೆ. ಅವರು ದಕ್ಷರಲ್ಲವೆಂದು ಹೇಳಲಾಗದು. ಆದರೆ ಸಂಗ್ರಹದಲ್ಲಿ ಏನೇನಿದೆ ಎಂಬುದನ್ನು ಅರಿಯುವುದಕ್ಕೇ ಎರಡು ವರ್ಷ ಬೇಕು. ಅರಿಯುವ ಹೊತ್ತಿಗೆ ವರ್ಗಾವಣೆಯ ಹುಕುಂ ಬಂದಿರುತ್ತದೆ.

ನಿರ್ದೇಶಕನ ಬಲಗೈ ಕ್ಯೂರೇಟರ್, ಕನ್ನಡದಲ್ಲಿ ಸಂಗ್ರಹಪಾಲಕನೆನ್ನಬಹುದು. ಕೃತಿಯನ್ನು ಆರಿಸುವುದು, ಅದರ ಪೂರ್ವಚರಿತ್ರೆಯನ್ನು ಶೋಧಿಸುವುದು, ಯಾವುದರ ಪಕ್ಕದಲ್ಲಿ ಯಾವುದು ಇರಬೇಕೆಂದು ನಿರ್ಧರಿಸುವುದು, ಕೆಳಗೆ ಅಂಟಿಸುವ ನಾಲ್ಕು ಸಾಲಿನ ಚೀಟಿಯನ್ನು ಬರೆಯುವುದು ಅವನ ಕೆಲಸ. ಈ ಚೀಟಿಯನ್ನು ಅಲ್ಪವೆಂದೆಣಿಸಬಾರದು. ಜಗನ್ಮೋಹನ ಅರಮನೆಗೆ ಹೋದವರೆಲ್ಲರೂ ಕೈಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೋಡಿರುತ್ತೀರಿ. ಕತ್ತಲೆಯ ಕೋಣೆಯಲ್ಲಿ ತೂಗುಹಾಕಿರುವುದರಿಂದ ಬೆರಳ ಸಂದಿಯ ಬೆಳಕು ನಿಜವಾದ ದೀಪದ್ದೆಂದೇ ತೋರುತ್ತದೆ. ಇದು ರವಿವರ್ಮನದೆಂದು ಎಷ್ಟು ಜನ ಹೇಳುತ್ತಾರೆ! ಅದು ಸಾವಂತವಾಡಿಯ ಎಸ್. ಎಲ್. ಹಳದಣಕರರು 1940ರ ದಶಕದಲ್ಲಿ ಬರೆದುದು; ರವಿವರ್ಮನು ತೀರಿಕೊಂಡುದು 1906ರಲ್ಲಿ. ಅದು ತೈಲಚಿತ್ರವೆಂದು ನಂಬುವವರೂ ಉಂಟು, ಅದು ಜಲವರ್ಣದ್ದು. ಅದಕ್ಕೆ ರೂಪದರ್ಶಿಯಾಗಿ ನಿಂತವಳು ಚಿತ್ರಕಾರರ ಮಗಳು. ಜನಜನಿತವಾದ ತಪ್ಪನ್ನು ತಿದ್ದುವ ಅಧಿಕಾರ ಆ ನಾಲ್ಕು ಸಾಲಿನ ಚೀಟಿಗೆ ಮಾತ್ರವಿದೆ. ಅದು ಮಾಸಿ ಹೋಗಿದ್ದರೆ, ಇಲ್ಲವೆ ಕಣ್ಣಿಗೆ ಬೀಳದ ಕಡೆ ಇದ್ದರೆ, ಮಾರ್ಗದರ್ಶಿಯ ಬಾಯಿಮಾತೇ ಚರಿತ್ರೆಯಾಗಿಬಿಡುತ್ತದೆ.

ಇನ್ನು ದಾಖಲೆಯ ಶಾಖೆ. ಹೊರಗಿನವರಿಗೆ ಇದರಷ್ಟು ನೀರಸವಾದುದು ಬೇರೊಂದಿಲ್ಲ. ಒಳಗಿನವರಿಗೆ ಇದೇ ಪ್ರಾಣ. ಚಿತ್ರವೊಂದು ಬಂದ ದಿನವೇ ಅದನ್ನು ಸ್ವೀಕಾರದ ಪುಸ್ತಕದಲ್ಲಿ ಬರೆಯಬೇಕು. ಎಲ್ಲಿಂದ, ಯಾರಿಂದ, ಕ್ರಯವೋ ದಾನವೋ ಎರವೋ, ಉದ್ದಗಲ, ವಸ್ತು, ಬಂದಾಗಿನ ಸ್ಥಿತಿ, ಎಲ್ಲವೂ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಅನೇಕ ಕಡೆ ವರ್ಷವನ್ನೂ ಆ ವರ್ಷ ಬಂದ ಕ್ರಮವನ್ನೂ ಸೇರಿಸಿ ಬರೆಯುತ್ತಾರೆ: 2024.17 ಎಂದರೆ ಆ ವರ್ಷ ಬಂದ ಹದಿನೇಳನೆಯ ವಸ್ತು. ಸಂಖ್ಯೆಯನ್ನು ಚಿತ್ರದ ಬೆನ್ನಿನ ಮೇಲೆ, ಅಳಿಸಬಹುದಾದರೂ ತಾನಾಗಿ ಅಳಿಯದಂತೆ, ಗುರುತಿಸುತ್ತಾರೆ. ಚಿತ್ರವು ಉಗ್ರಾಣದಿಂದ ಪ್ರದರ್ಶನಕ್ಕೆ ಬಂದರೂ, ರಿಪೇರಿಗೆ ಹೋದರೂ, ಯಾವುದೋ ಅಧಿಕಾರಿಯ ಕೊಠಡಿಯ ಅಲಂಕಾರಕ್ಕೆ ಹೋದರೂ ಪುಸ್ತಕದಲ್ಲಿ ಬರವಣಿಗೆಯಾಗಬೇಕು. ಈ ಕೊನೆಯದನ್ನು ಬೇಕೆಂದೇ ಹೇಳಿದೆ. ಸಂಗ್ರಹದ ಚಿತ್ರ ಕಳ್ಳನಿಂದ ಕಾಣೆಯಾಗುವುದು ಅಪರೂಪ. ಸಹಿಯಿಲ್ಲದೆ ಎರವಾಗಿ ಹೋಗಿ, ತೆಗೆದುಕೊಂಡವರು ನಿವೃತ್ತರಾಗಿ, ಕೊಟ್ಟವರು ಮರೆತು ಕಾಣೆಯಾಗುವುದು ಅಷ್ಟು ಅಪರೂಪವಲ್ಲ.

ದಾಖಲೆಗೆ ಶಾಸನದ ಬಲವೂ ಬೇಕಾಗುತ್ತದೆ. 1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿಗಳ ಕಾಯಿದೆಯಂತೆ ನೂರು ವರ್ಷ ದಾಟಿದ ಚಿತ್ರಗಳನ್ನು ದೇಶದಿಂದ ಹೊರಕ್ಕೆ ಕೊಂಡೊಯ್ದು ಮಾರುವಂತಿಲ್ಲ. ಅಷ್ಟು ಹಳೆಯದಲ್ಲದಿದ್ದರೂ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ ಬಸು, ಅಬನೀಂದ್ರನಾಥರೇ ಮೊದಲಾದ ಒಂಬತ್ತು ಮಂದಿ ಕಲಾವಿದರ ಕೃತಿಗಳನ್ನು ರಾಷ್ಟ್ರದ ಕಲಾನಿಧಿಗಳೆಂದು ಸಾರಿರುವುದರಿಂದ ಅವೂ ಹೊರಗೆ ಹೋಗುವಂತಿಲ್ಲ. ಆದರೆ ಕಾಯಿದೆ ಕಾಪಾಡುವುದು ಗುರುತಿಸಬಲ್ಲ ವಸ್ತುವನ್ನು. ಸಂಖ್ಯೆಯಿಲ್ಲದ, ಛಾಯಾಚಿತ್ರ ತೆಗೆದಿಡದ ಪಟ ಗಡಿಯಲ್ಲಿ ಸಿಕ್ಕಿಬಿದ್ದರೂ ಅದು ಇಂಥ ಚಿತ್ರಶಾಲೆಯದೇ ಎಂದು ರುಜುವಾತು ಮಾಡುವುದು ಹೇಗೆ?

ಸಂರಕ್ಷಣೆಯ ಶಾಖೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಚಿತ್ರಶಾಲೆಯಲ್ಲಿ ವಿಜ್ಞಾನವು ಕಾಲಿಡುವುದು ಇಲ್ಲಿ. ಚಿತ್ರದ ಶತ್ರುಗಳಲ್ಲಿ ಮೊದಲನೆಯದು ಬೆಳಕು. ವಿಚಿತ್ರವಾಗಿ ತೋರಬಹುದು, ಏಕೆಂದರೆ ಬೆಳಕಿಲ್ಲದೆ ಚಿತ್ರ ಕಾಣುವುದಿಲ್ಲ. ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಮೇಣದ ಬತ್ತಿಯಿಂದ ಒಂದು ಮೀಟರು ದೂರದಲ್ಲಿ ಹಿಡಿದ ಹಾಳೆಯ ಮೇಲೆ ಬೀಳುವ ಬೆಳಕು ಸುಮಾರು ಒಂದು ಲಕ್ಸ್. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ತೈಲಚಿತ್ರಕ್ಕೆ 200 ಲಕ್ಸಿನವರೆಗೆ ಕೊಡಬಹುದು. ಕಾಗದದ ಮೇಲಿನ ಜಲವರ್ಣಕ್ಕೆ 50ನ್ನು ಮೀರಬಾರದೆಂದು ಚಿತ್ರಶಾಲೆಗಳು ಸಾಮಾನ್ಯವಾಗಿ ಪಾಲಿಸುವ ನಿಯಮ. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ಮತ್ತು ಹಿಂದಿರುಗುವುದಿಲ್ಲ. 50 ಲಕ್ಸಿನಲ್ಲಿ ದಿನಕ್ಕೆ 8 ಗಂಟೆಯಂತೆ 300 ದಿನ ತೂಗುಹಾಕಿದ ಚಿತ್ರ ವರ್ಷಕ್ಕೆ 1,20,000 ಲಕ್ಸ್-ಗಂಟೆಗಳಷ್ಟು ಬೆಳಕನ್ನು ಕುಡಿಯುತ್ತದೆ. ಅದೇ ಚಿತ್ರವನ್ನು ಬಿಸಿಲಿನಲ್ಲಿ ಒಂದೂಕಾಲು ಗಂಟೆ ಇಟ್ಟರೆ ಹೆಚ್ಚುಕಡಮೆ ಅಷ್ಟೇ ಕುಡಿಯುತ್ತದೆ! ಕಿಟಕಿಯ ಎದುರು ಗೋಡೆಗೆ ತೂಗುಹಾಕಿದ ಅಜ್ಜನ ಕಾಲದ ಪಟಗಳು ಏಕೆ ಮಂಕಾದುವೆಂಬುದು ಇದರಿಂದ ತಿಳಿಯುತ್ತದೆ.

ವೆಂಕಟಪ್ಪನವರ ಊಟಿ, ಕೊಡೈಕಾನಲ್ ದೃಶ್ಯಗಳು ಜಲವರ್ಣದವು. ಮಂಜು, ನೀರು, ಬೆಟ್ಟದ ಸಾಲಿನ ಹಿಂದೆ ಬೆಟ್ಟದ ಸಾಲು, ಇವೆಲ್ಲವನ್ನೂ ಅವರು ಬಣ್ಣದ ಅತಿ ತೆಳುವಾದ ಪದರಗಳಿಂದ ತಂದಿದ್ದಾರೆ. ಈ ಪದರವೇ ಬೆಳಕಿಗೆ ಮೊದಲು ಬಲಿಯಾಗತಕ್ಕದ್ದು. ಆದುದರಿಂದ ಇಲ್ಲಿ ಒಂದು ನಿತ್ಯಜಗಳ ಹುಟ್ಟುತ್ತದೆ. ಇಂಥ ಚಿತ್ರವನ್ನು ಆರು ತಿಂಗಳು ತೋರಿಸಿ ಮೂರು ವರ್ಷ ಕತ್ತಲೆಯಲ್ಲಿ ವಿಶ್ರಮಿಸಗೊಡಬೇಕೆಂದು ಸಂರಕ್ಷಕನು ಹೇಳುತ್ತಾನೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಗೆ ವೆಂಕಟಪ್ಪನವರನ್ನೇ ನೋಡಬಂದವನಿಗೆ ಬರಿಯ ಗೋಡೆಯನ್ನು ತೋರಿಸುವುದು ಹೇಗೆಂದು ಸಂಗ್ರಹಪಾಲಕನು ಕೇಳುತ್ತಾನೆ. ಇಬ್ಬರೂ ಸರಿ. ತೀರ್ಪು ಕೊಡಬೇಕಾದವನು ನಿರ್ದೇಶಕ. ಸಂರಕ್ಷಕನೇ ಇಲ್ಲದ ಚಿತ್ರಶಾಲೆಯಲ್ಲಿ ಈ ಜಗಳವೂ ಇಲ್ಲ. ಚಿತ್ರಗಳು ಸದ್ದಿಲ್ಲದೆ ಮಂಕಾಗುತ್ತಿರುತ್ತವೆ.

ಎರಡನೆಯ ಶತ್ರು ತೇವ. ಗಾಳಿಯ ತೇವ ಇಷ್ಟೇ ಇರಬೇಕೆಂಬುದಕ್ಕಿಂತ ಅದು ಏರಿಳಿಯದಿರಬೇಕೆಂಬುದು ಮುಖ್ಯ. ನಮ್ಮ ಮೈಸೂರು ಸಂಪ್ರದಾಯದ ಚಿತ್ರಗಳನ್ನೇ ನೋಡಿ. ಆಭರಣ, ಪ್ರಭಾವಳಿಗಳ ಕಡೆ ಮಕ್ಕಿ, ಸಫೇದಾ, ಅಂಟುಗಳನ್ನು ಅರೆದು ಮಾಡಿದ ಲೇಪದಿಂದ ಉಬ್ಬು ಎಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಹಚ್ಚಿರುತ್ತಾರೆ. ಕೆಳಗಿನ ಕಾಗದವೂ ಹಲಗೆಯೂ ಆಷಾಢದಲ್ಲಿ ಹಿಗ್ಗಿ ಫಾಲ್ಗುಣದಲ್ಲಿ ಕುಗ್ಗುತ್ತವೆ. ಮೇಲಿನ ಗಟ್ಟಿ ಲೇಪ ಅವುಗಳೊಡನೆ ಹಿಗ್ಗಿ ಕುಗ್ಗಲಾರದೆ ಬಿರುಕುಬಿಡುತ್ತದೆ, ಚಿನ್ನ ಎದ್ದುಬರುತ್ತದೆ. ಹಗಲು ಮಾತ್ರ ಹವಾನಿಯಂತ್ರಣ ನಡೆಸಿ ರಾತ್ರಿ ಉಳಿತಾಯಕ್ಕೆಂದು ನಿಲ್ಲಿಸುವ ಚಿತ್ರಶಾಲೆ ವರ್ಷಕ್ಕೊಮ್ಮೆ ಆಗುವ ಈ ಆಷಾಢ ಫಾಲ್ಗುಣಗಳನ್ನು ಪ್ರತಿದಿನವೂ ಮಾಡುತ್ತದೆಯೆಂದೇ ಹೇಳಬೇಕು. ಅದಕ್ಕಿಂತ ದಪ್ಪ ಗೋಡೆಯ, ಗಾಳಿಯಾಡುವ ಹಳೆಯ ಕಟ್ಟಡವೇ ಮೇಲು. ಬೂಷ್ಟು, ಗೆದ್ದಲು, ಬೆಳ್ಳಿಮೀನೆಂಬ ಹುಳು ಇವೆಲ್ಲವೂ ತೇವದ ಪರಿವಾರ. ಹಾಳಾದ ಚಿತ್ರವನ್ನು ಸರಿಪಡಿಸುವ ವಿದ್ಯೆಗೆ ನಮ್ಮ ನಾಡಿನಲ್ಲಿ ನೆಲೆಯುಂಟು. ಲಖನೌದಲ್ಲಿರುವ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆಯನ್ನು ಮೈಸೂರಿನಲ್ಲಿ ಸ್ಥಾಪಿಸಲಾಯಿತು. ಬೆಂಗಳೂರಿನಲ್ಲಿ ಇಂಟಾಕ್ ಸಂಸ್ಥೆಯು ಚಿತ್ರಕಲಾ ಪರಿಷತ್ತಿನೊಡನೆ ಸೇರಿ ಇಂಥದೇ ಕೇಂದ್ರವೊಂದನ್ನು ಕಟ್ಟಿತು. ಒಳ್ಳೆಯ ಸಂರಕ್ಷಕನು ತಾನು ಮಾಡಿದುದನ್ನೆಲ್ಲ ಮುಂದಿನವನು ಬಿಚ್ಚಿ ತೆಗೆಯಬಹುದಾದ ರೀತಿಯಲ್ಲಿ ಮಾಡುತ್ತಾನೆ, ಮಾಡಿದುದನ್ನು ಬರೆದಿಡುತ್ತಾನೆ. ಬಣ್ಣ ಮಾಸಿತೆಂದು ಹೊಸ ಬಣ್ಣ ಬಳಿಯುವವನು ಸಂರಕ್ಷಕನಲ್ಲ.

ಶಿಕ್ಷಣ, ಗ್ರಂಥಭಂಡಾರ, ಪ್ರಕಟನೆ, ಲೆಕ್ಕಪತ್ರ ಇವುಗಳ ಕೆಲಸ ಹೆಸರಿನಿಂದಲೇ ತಿಳಿಯುವಂಥದು. ಭದ್ರತೆಯ ಶಾಖೆಯ ವಿಷಯದಲ್ಲಿ ಒಂದು ಮಾತು ಸಾಕು: ಅದು ಕಳ್ಳನಿಗಿಂತ ಹೆಚ್ಚಾಗಿ ಬೆಂಕಿಗೆ ಹೆದರಬೇಕು. ಮೈಸೂರಿನ ಅರಮನೆಯ ಮಾತು ಆಗಲೇ ಬಂದಿತು. 2016ರ ಏಪ್ರಿಲ್‌ನಲ್ಲಿ ದೆಹಲಿಯ ರಾಷ್ಟ್ರೀಯ ನೈಸರ್ಗಿಕ ಚರಿತ್ರೆಯ ವಸ್ತುಸಂಗ್ರಹಾಲಯ ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತು.

ಈ ಎಲ್ಲ ಶಾಖೆಗಳಿಗೂ ಜನ ಬೇಕು, ಹಣ ಬೇಕು. ಸರ್ಕಾರದ ಬಳಿ ಎರಡೂ ಸಾಲದು. ಆಗ ಖಾಸಗಿಯವರು ಮುಂದೆ ಬರುತ್ತಾರೆ. ವೆಂಕಟಪ್ಪ ಚಿತ್ರಶಾಲೆಯಲ್ಲಿ ನಡೆದುದು ಇದೇ. ರಾಜ್ಯಸರ್ಕಾರವು 2015ರಲ್ಲಿ ಅದರ ಅಭಿವೃದ್ಧಿ ಮತ್ತು ನಿರ್ವಹಣೆಗಾಗಿ ಒಂದು ಖಾಸಗಿ ಪ್ರತಿಷ್ಠಾನದೊಡನೆ ಒಡಂಬಡಿಕೆ ಮಾಡಿಕೊಂಡಿತು. ಸುದ್ದಿ ತಿಳಿದ ಕಲಾವಿದರು 2016ರಲ್ಲಿ ಚಿತ್ರಶಾಲೆಯ ಅಂಗಳದಲ್ಲಿಯೇ ಸೇರಿ, ಹಾಡಿ, ಬರೆದು, ಪ್ರತಿಭಟಿಸಿದರು. ಆ ಏರ್ಪಾಡು ಮುಂದುವರಿಯಲಿಲ್ಲ. ಕಟ್ಟಡ ಸೋರುತ್ತಿದ್ದರೂ ಇವರಿಗೆ ಸುಧಾರಣೆ ಬೇಡವೆ ಎಂದು ಆಗ ಕೆಲವರು ಕೇಳಿದರು. ಕಲಾವಿದರಿಗಿದ್ದ ಭಯ ಬೇರೆ. ಅಲ್ಲಿನ ಹಜಾರಗಳು ಅಲ್ಪ ಬಾಡಿಗೆಗೆ ಯಾರಿಗಾದರೂ ದೊರೆಯುತ್ತಿದ್ದುವು. ಹಳ್ಳಿಯಿಂದ ಬಂದ ಎಷ್ಟೋ ಮಂದಿ ಯುವಕ ಯುವತಿಯರ ಮೊದಲ ಪ್ರದರ್ಶನ ನಡೆದುದು ಅಲ್ಲಿ. ಆ ಬಾಗಿಲಿನ ಬೀಗದಕೈ ಒಬ್ಬ ಸಂಗ್ರಾಹಕನ ಕೈಗೆ ಹೋದರೆ, ಅವನೆಷ್ಟೇ ರಸಿಕನಾಗಿರಲಿ, ಯಾರು ಒಳಕ್ಕೆ ಬರಬಹುದೆಂಬುದು ಅವನ ಅಭಿರುಚಿಗೆ ಬಿಟ್ಟ ವಿಷಯವಾಗುತ್ತದೆ. ಮತ್ತೆ ಅರಮನೆಯ ಪದ್ಧತಿಗೇ ಹಿಂದಿರುಗಿದಂತೆ, ಅರಸನಿಲ್ಲದೆ.

ನನಗೆ ತೋರುವುದು ಇಷ್ಟು. ಛಾವಣಿಗೆ, ದೀಪಕ್ಕೆ, ಶಿಕ್ಷಣಕ್ಕೆ ಯಾರು ಹಣ ಕೊಟ್ಟರೂ ತೆಗೆದುಕೊಳ್ಳಬಹುದು. ಗೋಡೆಯ ಮೇಲೆ ಅವರ ಹೆಸರನ್ನು ಕೆತ್ತಿಸಲೂಬಹುದು. ಸ್ವೀಕಾರದ ಪುಸ್ತಕ, ಉಗ್ರಾಣದ ಬೀಗದಕೈ, ಯಾವುದನ್ನು ಕೊಳ್ಳಬೇಕು ಯಾವುದನ್ನು ತೋರಿಸಬೇಕು ಎಂಬ ನಿರ್ಣಯ, ಈ ಮೂರನ್ನು ಮಾತ್ರ ಹಣ ಕೊಟ್ಟವರಿಗೆ ಒಪ್ಪಿಸತಕ್ಕದ್ದಲ್ಲ. ಖಾಸಗಿ ಸಂಗ್ರಾಹಕರಿಗೆ ಬೇರೆ ಕಟ್ಟಡ ಕಟ್ಟಿಕೊಳ್ಳುವ ದಾರಿ ಯಾವಾಗಲೂ ಇದೆ. ಅದೇ ರಸ್ತೆಯಲ್ಲಿ ಆಮೇಲೆ ಹಾಗೆಯೇ ಆಯಿತು, ಮತ್ತು ಊರಿಗೆ ಅದರಿಂದ ಲಾಭವೇ ಆಯಿತು.

ಕೊನೆಯದಾಗಿ, ಮನೆಯಲ್ಲಿ ಹಳೆಯ ಚಿತ್ರಗಳಿರುವ ಶ್ರೋತೃಗಳಿಗೆ ಒಂದು ಸೂಚನೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಹಳೆಯ ಮನೆಗಳಲ್ಲಿರಲಿ, ಬೆಂಗಳೂರಿನ ಬಸವನಗುಡಿಯಲ್ಲಿರಲಿ, ಅಟ್ಟದ ಮೇಲೆ ಪಟ್ಟಾಭಿಷೇಕದ ಪಟವೋ ಸಮಾರಂಭದ ದೊಡ್ಡ ಛಾಯಾಚಿತ್ರವೋ ಬಿದ್ದಿರುವುದುಂಟು. ಅವನ್ನು ಚಿತ್ರಶಾಲೆಗೆ ಕೊಡಬೇಕೆಂದು ಮನಸ್ಸಾದರೆ, ಕೊಡುವ ಮೊದಲು ಕೇಳಿಕೊಳ್ಳಬೇಕಾದುವು ಕೆಲವಿವೆ. ಇದನ್ನು ದಾನವಾಗಿ ಸ್ವೀಕರಿಸುತ್ತೀರೋ ಎರವಾಗಿಯೋ? ದಾನವಾದರೆ ಮುಂದೆ ಎಂದಾದರೂ ಮಾರುವ ಅಧಿಕಾರ ನಿಮಗುಂಟೋ? ಸದಾ ಪ್ರದರ್ಶನದಲ್ಲಿರಬೇಕೆಂಬ ಷರತ್ತನ್ನು ಮಾತ್ರ ಹಾಕಬೇಡಿ. ಒಳ್ಳೆಯ ಚಿತ್ರಶಾಲೆ ಅದನ್ನು ಒಪ್ಪುವುದಿಲ್ಲ, ಒಪ್ಪುವ ಚಿತ್ರಶಾಲೆಗೆ ಬೆಳಕಿನ ವಿಷಯ ತಿಳಿದಿಲ್ಲವೆಂದೇ ಅರ್ಥ. ಪಟದಲ್ಲಿರುವವರು ಯಾರು, ಅದು ಮನೆಗೆ ಹೇಗೆ ಬಂದಿತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯ ಮೇಲೆ ಬರೆದು ಪಟದ ಜೊತೆಗೆ ಕೊಡಿ. ಪಟದ ಬೆನ್ನಿಗೆ ಗೋಂದಿನಿಂದ ಅಂಟಿಸಬೇಡಿ. ಚೌಕಟ್ಟನ್ನು ಒರೆಸಿ ಹೊಳಪು ಕೊಡುವ ಗೋಜಿಗೂ ಹೋಗಬೇಡಿ. ರಸೀತಿಯಲ್ಲಿ ಸ್ವೀಕಾರದ ಸಂಖ್ಯೆಯನ್ನು ಬರೆದುಕೊಟ್ಟರೋ ಇಲ್ಲವೋ ನೋಡಿ. ಇನ್ನೂ ಸಂಖ್ಯೆ ಬಿದ್ದಿಲ್ಲವೆಂದು ಹೇಳಿದರೆ ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ ಕೇಳಿ.